ಅದಿರಿನ ಕೆಮ್ಮು

ಸ್ನೇಹಿತರೇ, ಬಳ್ಳಾರಿಯಲ್ಲಿ ಕೆಮ್ಮನ್ನು ನಂಬುವಂತಿಲ್ಲ. ಕತ್ತಿನ ಮೂಳೆಗೆ ಆಪರೇಷನ್ ಆದವರಿಗೆ ಒಂದು ಚಮಚ ನೀರು ಕುಡಿಸಿ, ಸರಿಯಾಗಿ ನುಂಗುತ್ತಾರಾ ಎಂದು ನೋಡುವುದು ನನ್ನ ಕೆಲಸ. ಕೆಮ್ಮಿದರೆ ನೀರು ಶ್ವಾಸನಾಳಕ್ಕೆ ಇಳಿದಿರಬಹುದು, ಊಟ ಬಂದ್. ಇವತ್ತು ಕುರುಗೋಡಿನ ಅದಿರು ಲಾರಿ ಡ್ರೈವರ್ ಹುಸೇನಪ್ಪ ನುಂಗಿದರು. ಕೆಮ್ಮಿದರು.

"ಇವತ್ತು ಊಟ ಇಲ್ಲ," ಎಂದೆ.

"ಇದು ನೀರಿನ ಕೆಮ್ಮಲ್ರೀ ಮೇಡಂ, ಅದಿರಿನ ಕೆಮ್ಮು! ಆಪರೇಷನ್‌ಗಿಂತ ಮೊದ್ಲಿಂದ ಐತಿ."

"ನಮ್ಮ ರೋಡಿನಾಗ ಅದಿರಿನ ಧೂಳಿಗೆ ಎಮ್ಮಿನೂ ಕೆಮ್ತಾವ್ರೀ," ಎಂದು ಸಾಕ್ಷಿ ಹೇಳುತ್ತಲೇ ಅವರ ಹೆಂಡತಿಯೂ ಕೆಮ್ಮಿದರು.

ನಾನು ಜಗ್ಗಲಿಲ್ಲ. "ನಾಳೆ ನೋಡೋಣ" ಎನ್ನುವಷ್ಟರಲ್ಲಿ ನನಗೇ ಕೆಮ್ಮು ಬಂತು.

ಹುಸೇನಪ್ಪ ಗಂಭೀರವಾಗಿ ನರ್ಸ್ ಕಡೆ ನೋಡಿದರು: "ಸಿಸ್ಟರ್, ಮೇಡಂಗೂ ಇವತ್ತು ಊಟ ಕೊಡಬ್ಯಾಡ್ರಿ."

ಮಧ್ಯಾಹ್ನ ನಾನು ಮಿರ್ಚಿ ಬಜ್ಜಿ ತಿಂದ ವಿಷಯ ದಯವಿಟ್ಟು ಯಾರೂ ಅವರಿಗೆ ಹೇಳಬೇಡಿ.