ಅಲೆಯಿಲ್ಲದ ನೀರಿನಲ್ಲಿ ಕೊಟ್ಟ ಮಾತು

ಮಕ್ಕಳು ಈಜುವ ಟ್ಯೂಬಿಗೆ ಬಾಯಿಂದ ಗಾಳಿ ತುಂಬಿದ್ದೀರಾ? ತುಂಬಿ ಮುಗಿಯುವ ಹೊತ್ತಿಗೆ ತಲೆ ತಿರುಗಿ, ನಾಲಿಗೆಯ ಮೇಲೆ ರಬ್ಬರಿನ ಕಹಿ ಕೂತು, ಎದುರಿನ ಸಮುದ್ರ ಇದ್ದಲ್ಲೇ ಒಂದು ಬದಿಗೆ ವಾಲಿದಂತೆ ಕಾಣುತ್ತದೆ. ಕಳೆದ ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ, ಕಾರವಾರದ ಬಂದರಿನ ಮಗ್ಗುಲಿನ ಪುಟ್ಟ ತೀರದಲ್ಲಿ ನಾನು ಅದೇ ಕೆಲಸದಲ್ಲಿದ್ದೆ. ಅಂಕೋಲೆಯ ನಮ್ಮ ಕಡೆ ಅಲೆ ಜೋರು. ಇಲ್ಲಿ ಒಂದು ಬದಿಗೆ ಗುಡ್ಡ, ಇನ್ನೊಂದು ಬದಿಗೆ ಅಲೆ ತಡೆಯುವ ಕಲ್ಲಿನ ಗೋಡೆ, ನಡುವೆ ತಟ್ಟೆಯಲ್ಲಿ ಹೊಯ್ದಿಟ್ಟಂಥ ನೀರು. ಒಂಬತ್ತು ವರ್ಷದ ಮಗಳಿಗೆ ಈಜು ಕಲಿಸಲು ಇದಕ್ಕಿಂತ ನಿರಪಾಯದ ಜಾಗವಿಲ್ಲವೆಂದು ನಮ್ಮನೆಯವರ ವಾದ. ಬರುವ ಮೊದಲು ಕಾಳಿ ಸೇತುವೆ ದಾಟಿ ಚಿತ್ತಾಕುಲಕ್ಕೆ ಹೋಗಿ, ಅಲ್ಲಿರುವ ನನ್ನ ಸೋದರತ್ತೆಯನ್ನೂ ಕಾರಿಗೆ ಹತ್ತಿಸಿಕೊಂಡಿದ್ದೆವು.

ಅತ್ತೆ ಮದುವೆಯಾಗಿ ಹೋದದ್ದು ಅರ್ಗಾಕ್ಕೆ. ನೌಕಾನೆಲೆಗಾಗಿ ಮನೆ ಬಿಟ್ಟುಕೊಟ್ಟು ಬಂದವರಲ್ಲಿ ಅವಳೂ ಒಬ್ಬಳು. ಅಲ್ಲಿದ್ದಾಗ ನೆರೆಮನೆಯ ದೇವಕಿಯ ಜೊತೆ ಇಳಿತದ ಹೊತ್ತಿಗೆ ಬಂಡೆಗೆ ಕಚ್ಚಿದ ಚಿಪ್ಪಿ ಎಬ್ಬಿಸಲು ಹೋಗುತ್ತಿದ್ದಳಂತೆ, ಮೀನಿನ ಹಾಗೆ ಈಜುತ್ತಿದ್ದಳಂತೆ. ಊರು ಬಿಟ್ಟ ಮೇಲೆ ಆ ಓಣಿಯ ಹೆಂಗಸರು ಒಬ್ಬೊಬ್ಬರು ಒಂದೊಂದು ಕಡೆ ನೆಲೆಸಿ, ಅಲ್ಲಲ್ಲೇ ತೀರಿಕೊಂಡರು, ದೇವಕಿಯೂ. ಅತ್ತೆ ಮಾತ್ರ ಸಮುದ್ರಕ್ಕೆ ಕಾಲಿಡುವುದನ್ನೇ ಬಿಟ್ಟಿದ್ದಳು.

ಭೋರ್ಗರೆಯುವ ಕಡಲು ತನ್ನ ಗದ್ದಲದಲ್ಲಿ ತಾನಿರುತ್ತದೆ, ನಮ್ಮ ಗೊಡವೆ ಅದಕ್ಕಿಲ್ಲ. ಸದ್ದಿಲ್ಲದ ಕಡಲು ನಮ್ಮ ಮಾತಿಗೆ ಕಿವಿಗೊಟ್ಟು ಕೂತಂತೆ ಅನಿಸುತ್ತದೆ. ಅಂದು ನೀರು ಹಾಗಿತ್ತು. ದಡದ ಹತ್ತಿರ ಆಡುತ್ತಿದ್ದ ಬೇರೆ ಮನೆಗಳ ಮಕ್ಕಳ ಕೂಗು ಕೂಡ ಆ ನೀರನ್ನು ಮುಟ್ಟುತ್ತಲೇ ಅಡಗಿಹೋಗುತ್ತಿತ್ತು.

ಅಪ್ಪನ ಕೈ ಹಿಡಿದು ತೇಲುತ್ತಿದ್ದ ಮಗಳು ಇದ್ದಕ್ಕಿದ್ದಂತೆ ನನ್ನನ್ನು ಕೇಳಿದಳು: "ಆಯೀ, ಅಜ್ಜಿ ಯಾರ ಹತ್ರ ಮಾತಾಡ್ತಿದ್ದಾಳೆ?"

ನೋಡಿದರೆ, ಆವರೆಗೂ ಮರಳ ಮೇಲೆ ಕೂತಿದ್ದ ಅತ್ತೆ ಸೀರೆಗೆ ಕಚ್ಚೆ ಕಟ್ಟಿ ಎದೆಮಟ್ಟದ ನೀರಿನಲ್ಲಿ ನಿಂತಿದ್ದಳು. ಸುತ್ತ ಯಾರೂ ಇರಲಿಲ್ಲ. ಆದರೂ ತಲೆಯಾಡಿಸುತ್ತಿದ್ದಳು, ನಗುತ್ತಿದ್ದಳು, ಇಕ್ಕಟ್ಟಾದ ಓಣಿಯಲ್ಲಿ ಎದುರು ಬಂದವರಿಗೆ ದಾರಿ ಬಿಡುವ ಹಾಗೆ ಒಮ್ಮೆ ಪಕ್ಕಕ್ಕೆ ಸರಿದಳು. ನಾನು ಕರೆದೆ. ಅವಳು ತಿರುಗಲಿಲ್ಲ, ನೀರಿಗೆ ಎದೆಯೊಡ್ಡಿ ದಕ್ಷಿಣದ ಗುಡ್ಡದ ಮೂಗಿನ ಕಡೆಗೆ, ಅದರಾಚೆಯ ಅರ್ಗಾದ ಕಡೆಗೆ ಈಜತೊಡಗಿದಳು.

ನಾನು ಉಟ್ಟ ಬಟ್ಟೆಯಲ್ಲೇ ಧುಮುಕಿದೆ. ಎಪ್ಪತ್ತರ ಮುದುಕಿಯನ್ನು ಬೆನ್ನಟ್ಟಿ ಹಿಡಿಯಲು ನನ್ನ ಉಸಿರೆಲ್ಲ ಬೇಕಾಯಿತು. ಮುಟ್ಟುವಷ್ಟರಲ್ಲಿ ದಡ ಬಹಳ ಹಿಂದೆ ಉಳಿದಿತ್ತು, ಕಾಲಡಿಯ ನೀರು ತಣ್ಣಗೆ ಕೊರೆಯುತ್ತಿತ್ತು. ತೋಳು ಹಿಡಿದು, "ಅತ್ತೇ, ದಡಕ್ಕೆ ಬಾ" ಅಂದೆ.

"ದೇವಕಿ ಕರೀತಿದ್ದಾಳೆ, ಓಣಿಯವರೆಲ್ಲ ಬಂದಿದ್ದಾರೆ. ಇಳಿತ ತಿರುಗೂದರೊಳಗೆ ಹೋಗಬೇಕು, ಬಿಡು."

ಎಳೆದರೆ ಇಬ್ಬರೂ ಮುಳುಗುತ್ತಿದ್ದೆವು. ಯಾರೂ ಇಲ್ಲ ಎಂದರೆ ಅವಳು ನಂಬುವಂತಿರಲಿಲ್ಲ; ನಿಜ ಹೇಳಬೇಕೆಂದರೆ, ಆ ಗಳಿಗೆಯಲ್ಲಿ ಹಾಗೆನ್ನಲು ನನಗೇ ಧೈರ್ಯ ಬರಲಿಲ್ಲ. ಹಾಗಾಗಿ ಅವಳ ಹೆಗಲಾಚೆಯ ಖಾಲಿ ನೀರನ್ನು ನೋಡುತ್ತ ಗಟ್ಟಿಯಾಗಿ ಹೇಳಿದೆ: "ನೀವು ಮುಂದೆ ಹೋಗಿ. ನಾವಿಬ್ರೂ ಹಿಂದಿಂದ ಬರ್ತೇವೆ."

ಅತ್ತೆಯ ತೋಳು ಸಡಿಲಾಯಿತು. ಒಂದಿಷ್ಟು ಹೊತ್ತು ಕಿವಿಗೊಟ್ಟಳು. "ಹೂಂ, ಹೊರಟರು" ಅಂದು ತಾನೇ ದಡದ ಕಡೆ ತಿರುಗಿದಳು. ಅದೇ ಕ್ಷಣ ನನ್ನ ಸೊಂಟದ ಎರಡೂ ಬದಿಯ ನೀರು, ಜನ ಹಾದುಹೋದಾಗ ಸರಿಯುವ ಹಾಗೆ, ಮೆಲ್ಲಗೆ ಸರಿಯಿತು. ಒಳಪ್ರವಾಹವಿರಬಹುದು. ಅದೇ ಆಗಿರಲಿ ಎಂದು ನನ್ನ ಆಸೆ.

ಎದುರು ಈಜಿ ಬಂದ ನಮ್ಮನೆಯವರು ಅತ್ತೆಯ ಇನ್ನೊಂದು ತೋಳು ಹಿಡಿದುಕೊಂಡರು. ದಡದಲ್ಲಿ, ಅಲ್ಲಿ ಆಡುತ್ತಿದ್ದ ಮಕ್ಕಳ ತಾಯಿಯೊಬ್ಬಳು ನಮ್ಮ ಮಗಳನ್ನು ಅಪ್ಪಿ ನಿಂತಿದ್ದಳು. ಅತ್ತೆ ಮಾತ್ರ ಏನೂ ಆಗದವಳಂತೆ ಸೆರಗು ಹಿಂಡುತ್ತ, ನನ್ನ ಮುಖ ನೋಡಿ ನಕ್ಕಳು.

"ಹೆದರ್ಕಂಡ್ಯಾ? ಅವರೆಲ್ಲ ಸತ್ತದ್ದು ನನಗೆ ಗೊತ್ತಿಲ್ವಾ? ಆದ್ರೂ ಹೆಸರು ಹಿಡಿದು ಕರೆದಾಗ ಓ ಅನ್ನದೇ ಇರೂದು ಹ್ಯಾಂಗೆ?"

"ನಿನ್ನ ದಡಕ್ಕೆ ತರೂಕೆ ಸುಳ್ಳು ಹೇಳ್ದೆ, ಅತ್ತೆ."

"ಅದು ನನಗೆ ಗೊತ್ತು" ಅಂದಳು ಅತ್ತೆ, ಕೂದಲು ಝಾಡಿಸುತ್ತ. "ಅವರಿಗೆ ಗೊತ್ತಿಲ್ಲ."

ಆಮೇಲೂ ಎರಡು ಮೂರು ಸಲ ಅಲ್ಲಿಗೆ ಹೋಗಿದ್ದೇವೆ. ಮಗಳು ಈಗ ಟ್ಯೂಬಿಲ್ಲದೆ ಈಜುತ್ತಾಳೆ, ಅತ್ತೆ ಮರಳ ಮೇಲೆ ಕೂತು ನೆಮ್ಮದಿಯಿಂದ ಎಲೆಯಡಿಕೆ ಹಾಕುತ್ತಾಳೆ. ನಾನು ಮೊಣಕಾಲು ಮುಳುಗುವಷ್ಟಕ್ಕೇ ನಿಲ್ಲುತ್ತೇನೆ. ಅಲ್ಲಿ ನಿಂತಿರುವಾಗ ಯಾರಾದರೂ ನನ್ನ ಹೆಸರು ಕೂಗಿದರೆ, ತಿರುಗಿ ನೋಡಿ, ಕೂಗಿದವರ ಮುಖ ಕಂಡ ಮೇಲಷ್ಟೇ ಓಗೊಡುತ್ತೇನೆ.