ರಾರಾವಿಗೆ ಹೊರಟ ಚಿತ್ರ

"ನನಗ ನಿನ್ನ ಗುರ್ತು ಇರೋದರೊಳಗ ಅದನ್ನ ತಂದು ತೋರಸ್ತಿ ಏನು?"

ಹನ್ನೊಂದು ವರ್ಷದ ಹಿಂದೆ ರಾರಾವಿಯ ಸಾವಂತ್ರಮ್ಮ ಹೀಗೆ ಕೇಳಿದ್ದರು. ಅವರ ತೋಳಿನಿಂದ ಆಗತಾನೇ ಸೂಜಿ ತೆಗೆದು ಹತ್ತಿ ಒತ್ತಿ ಹಿಡಿದಿದ್ದ ಗಾದೆಮ್ಮ, "ತೋರಸ್ತೀನಿ ಯವ್ವಾ, ನಾನ ತರ್ತೀನಿ" ಎಂದಿದ್ದರು. 'ಅದು' ಎಂದರೆ ಮುಪ್ಪಿನ ಮರೆವಿನ ಕಾಯಿಲೆಗೆ ನಂಟಿರುವ ಒಂದು ಪ್ರೋಟೀನು. ಸಾವಂತ್ರಮ್ಮನ ತಾಯಿ ಕೊನೆಗಾಲದಲ್ಲಿ ಹೆತ್ತ ಮಗಳನ್ನೇ ಎದುರಿಗೆ ಕೂರಿಸಿಕೊಂಡು "ಯಾರ ಮನಿಯಾಕಿ ನೀ?" ಎಂದು ಕೇಳುತ್ತಿದ್ದರಂತೆ. ತಾಯಿಯಿಂದ ಹಾಗೆ ಕೇಳಿಸಿದ ಆ ಪ್ರೋಟೀನಿನ ಮುಖವನ್ನು ಒಮ್ಮೆಯಾದರೂ ನೋಡಬೇಕು ಎನ್ನುವುದು ಮಗಳ ಹಟ.

ಇವತ್ತು ಬೆಳಗಿನ ಐದೂ ಮುಕ್ಕಾಲು. ಬಳ್ಳಾರಿ ನಿಲ್ದಾಣದಲ್ಲಿ ಸಿರುಗುಪ್ಪದ ಬಸ್ಸು ಗುರುಗುಡುತ್ತಿದೆ. ನಲವತ್ತಾರರ ಗಾದೆಮ್ಮ ಕಿಟಕಿ ಪಕ್ಕ ಕೂತು ನೀಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾರೆ. ಒಳಗೆ ಮಂಜುಗಡ್ಡೆಯ ಚೀಲ, ಖಾಲಿ ಕೊಳವೆ, ಸೂಜಿ, ತೋಳಿಗೆ ಬಿಗಿಯುವ ರಬ್ಬರ್ ಪಟ್ಟಿ. ಕಂಕುಳಲ್ಲಿ, ಪೇಪರಿನಲ್ಲಿ ಸುತ್ತಿದ ಒಂದು ಚಿತ್ರ.

"ಬಂದ್ಲು ನೋಡ್ರಪ್ಪ ಐಸ್‌ಕ್ಯಾಂಡಿ ಅಕ್ಕ! ಒಂದು ಆರೆಂಜ್ ಕೊಡಬೇ" ಎನ್ನುತ್ತಾರೆ ಕಂಡಕ್ಟರ್ ಎರ್ರಿಸ್ವಾಮಿ.

"ಇದರಾಗಿಂದು ಕೆಂಪು ಕ್ಯಾಂಡಿ ಐತಿ. ಕಂಡ್ರ ಬಸ್ ಬಿಟ್ಟು ಓಡ್ತಿ. ಟಿಕೀಟ್ ಹರಿ ಸುಮ್ನ."

ವಾರಕ್ಕೆ ಆರು ದಿನ ಇದೇ ಮಾತು, ಇದೇ ನಗು. ಸತ್ಯನಾರಾಯಣಪೇಟೆಯ ಹಳೆ ಮನೆಯೊಂದರ ಮಹಡಿಯಲ್ಲಿ ಮರೆವಿನ ಬಗ್ಗೆ ಅಧ್ಯಯನ ನಡೆಸುವ ಸಣ್ಣ ಕೇಂದ್ರವಿದೆ. ಅದಕ್ಕೆ ಬೇಕಾದ ರಕ್ತವನ್ನು ಊರೂರಿಂದ ತರುವವರು ಇವರೊಬ್ಬರೇ. ದಿನಕ್ಕೆ ಎಂಟರಿಂದ ಹನ್ನೆರಡು ಕೊಳವೆ. ತೆಗೆದ ನಾಲ್ಕು ತಾಸಿನೊಳಗೆ ಕೇಂದ್ರ ಮುಟ್ಟಬೇಕು. ಬೇಸಿಗೆಯಲ್ಲಿ ಬಸ್ಸು ಕೆಟ್ಟರೆ ಸೆರಗು ನೆನೆಸಿ ಡಬ್ಬಿಗೆ ಸುತ್ತುತ್ತಾರೆ. ಈತನಕ ಎರಡು ಸಾವಿರದ ಮುನ್ನೂರು ಮಂದಿಯ ತೋಳು ಹಿಡಿದಿದ್ದಾರೆ. ಅಧ್ಯಯನದ ವರದಿಗಳಲ್ಲಿ ಇವರ ಹೆಸರು ಎಲ್ಲಿಯೂ ಇಲ್ಲ. ಅದನ್ನು ಹುಡುಕಿದವರೂ ಇಲ್ಲ, ಇವರನ್ನೂ ಸೇರಿಸಿ.

ಗಾದೆಮ್ಮ ಕುರುಗೋಡಿನವರು. ಅಪ್ಪ ಸಂತೆಯಲ್ಲಿ ಮೂಟೆ ಹೊರುತ್ತಿದ್ದರು. ಪಿಯುಸಿ ಮುಗಿಸಿ ಲ್ಯಾಬ್ ಟೆಕ್ನಿಷಿಯನ್ ತರಬೇತಿ ಪಡೆದು, ಮದುವೆಯಾಗಿ, ಆರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು, ಮಗಳೊಬ್ಬಳನ್ನು ಕಟ್ಟಿಕೊಂಡು ಬಳ್ಳಾರಿಗೆ ಬಂದರು. ಈ ಕೆಲಸ ಸಿಕ್ಕ ವರ್ಷವೇ ಒಂದು ಯಡವಟ್ಟು. ಬರಿಹೊಟ್ಟೆಯ ರಕ್ತ ಬೇಕಿತ್ತು. ಹೇಗೂ ಸೋಮವಾರ ಜನ ಉಪವಾಸ ಇರುತ್ತಾರಲ್ಲ ಎಂದು ಕುರುಗೋಡಿನಲ್ಲಿ ಸೋಮವಾರಗಳನ್ನೇ ಗೊತ್ತು ಮಾಡಿದರು. ನಲವತ್ತು ಮಂದಿ "ಒಂದು ಅಗಳು ಮುಟ್ಟಿದ್ರ ಬಸವಣ್ಣನಾಣಿ" ಎಂದು ತೋಳು ಚಾಚಿದರು. ಪರೀಕ್ಷೆಯಲ್ಲಿ ನೋಡಿದರೆ ಎಲ್ಲರದೂ ಏರುಪೇರು. ವಿಚಾರಿಸಿದಾಗ ಗೊತ್ತಾಯಿತು, ನಲವತ್ತು ಮಂದಿಯೂ ಗಟ್ಟಿ ಹಾಲಿನ ಚಾ ಕುಡಿದೇ ಬಂದಿದ್ದರು. ದೇವರ ಉಪವಾಸಕ್ಕೆ ಚಾ ಅಡ್ಡಿಯಿಲ್ಲ.

"ನಾನೂ ಕುಡದ ಹೋಗಿದ್ನಿ, ಸುಳ್ಳ್ಯಾಕ ಹೇಳ್ಲಿ" ಎಂದು ಗಾದೆಮ್ಮ ಬಾಯಿಗೆ ಸೆರಗು ಹಿಡಿದು ನಗುತ್ತಾರೆ. "ಈಗ ಹೆಸರು ಕೇಳಾಕಿಂತ ಮೊದಲ 'ಚಾ ಆತೇನ್ರಿ?' ಅಂತೀನಿ. ಹೂಂ ಅಂದ್ರ ಆ ಮನಿ ನಾಳಿಗಿ."

ರಕ್ತದ ಜೊತೆ ನೆನಪಿನ ಪರೀಕ್ಷೆಯೂ ಇರುತ್ತದೆ. ನೂರರಿಂದ ಏಳೇಳು ಕಳೆಯಿರಿ ಎನ್ನುವಂಥ ಪ್ರಶ್ನೆಗಳು. ಸಾವಂತ್ರಮ್ಮ ಮೊದಲ ದಿನವೇ ಸಿಡುಕಿದ್ದರು: "ನಾ ಯಾಕ ಕಳೀಲೇ? ನನ್ನವು ಕಳದದ್ದು ಸಾಲಂಗಿಲ್ಲೇನು?" ಆಕೆ ಮೂವತ್ತು ವರ್ಷ ಮೊಸರಿನ ಗಡಿಗೆ ಹೊತ್ತು ಬಳ್ಳಾರಿಗೆ ಬಂದು ಮಾರಿದವರು. ಹಾಗಾದರೆ ದಾರಿಯ ಸ್ಟಾಪುಗಳನ್ನು ಹೇಳು ಎಂದರು ಗಾದೆಮ್ಮ. ಉಸಿರು ಬಿಡದೆ ಹೇಳಿದ್ದರು: ಸಿರುಗುಪ್ಪ, ತೆಕ್ಕಲಕೋಟೆ, ಸಿರಿಗೇರಿ ಕ್ರಾಸ್, ಕೋಳೂರು ಕ್ರಾಸ್, ಸೋಮಸಮುದ್ರ, ಬಳ್ಳಾರಿ. ಆಮೇಲೆ ಉಲ್ಟಾ. ಕೇಂದ್ರದ ಡಾ. ಅರುಣಾ ಇದನ್ನು ಮೆಚ್ಚಿ ಪರೀಕ್ಷೆಯ ನಮೂನೆ ಹಾಳೆಯಲ್ಲಿ ಒಂದು ಹೆಚ್ಚಿನ ಅಂಕಣವನ್ನೇ ಹಾಕಿಸಿದರು.

ಗಾದೆಮ್ಮ ವರ್ಷಕ್ಕೊಮ್ಮೆ ರಾರಾವಿಗೆ ಹೋಗುತ್ತಾರೆ. ಹೊಸ್ತಿಲು ದಾಟುವ ಮೊದಲೇ ಒಳಗಿಂದ ಕೂಗು ಬರುತ್ತಿತ್ತು: "ಬಂದ್ಯಾ ಲೇ ಗಾದೀ? ತಂದ್ಯಾ ಅದನ್ನ?" ತಂದಿಲ್ಲ ಎಂದರೆ, "ನಿನ್ನ ಡಾಕ್ಟರಮ್ಮಗ ಹೇಳು, ಮುದುಕಿ ಕಾಯಂಗಿಲ್ಲಂತ." ಆರನೆಯ ವರ್ಷ ಸ್ಟಾಪು ಹೇಳುವಾಗ ಕೋಳೂರು ಕ್ರಾಸ್ ಬಿಟ್ಟುಹೋಯಿತು. ಎಂಟನೆಯ ವರ್ಷ ತೆಕ್ಕಲಕೋಟೆ. ಹೋದ ಸಲ ಸಿರಿಗೇರಿ. "ನನ್ನವ್ವ ಹ್ವಾದಮ್ಯಾಲ ನನ್ನ ಗಾದೀ ಅನ್ನಾಕಿ ಈಕಿ ಒಬ್ಬಾಕಿನ" ಎನ್ನುತ್ತಾ ಗಾದೆಮ್ಮ ಕಿಟಕಿಯಾಚೆ ನೋಡುತ್ತಾರೆ. ಹೊರಗೆ ತೆಕ್ಕಲಕೋಟೆ ದಾಟುತ್ತಿದೆ.

ಆ ಪ್ರೋಟೀನಿನ ಹೆಸರು ಅಪೊ-ಇ. ಮಿದುಳಿನಲ್ಲಿ ಕೊಬ್ಬನ್ನು ಹೊತ್ತು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮುಟ್ಟಿಸುವುದು ಅದರ ಕೆಲಸ. ಗಾದೆಮ್ಮನ ವಿವರಣೆ ಇನ್ನೂ ಸಲೀಸು: "ಇನ್ನೂರಾ ತೊಂಬತ್ತೊಂಬತ್ತು ಮಣಿ ಪೋಣಿಸಿದ ಸರ ಅದು. ಭಾಳ ಮಂದಿಗೆ ಒಂದು ನಮೂನಿ. ಕೆಲವರಿಗೆ ನೂರಾ ಹನ್ನೆರಡನೇ ಮಣಿ ಬ್ಯಾರೆ. ಒಂದ ಮಣಿ! ಅಷ್ಟಕ್ಕ ಸರ ಮಡಚೋ ರೀತಿನ ಬದಲಾಗತೈತಿ. ಅಂಥೋರಿಗೆ ಮರೆವಿನ ಅಂಜಿಕಿ ಹೆಚ್ಚು. ಹಂಗಂತ ಎಲ್ಲಾರಿಗೂ ಬರಂಗಿಲ್ಲ. ಆ ಮಣಿ ಇಲ್ಲದೋರಿಗೂ ಬರಬಹುದು." ಸಾವಂತ್ರಮ್ಮನದು ಯಾವ ಬಗೆ ಎಂದು ಇವರಿಗೂ ಗೊತ್ತಿಲ್ಲ. ಕೊಳವೆಯ ಮೇಲೆ ನಂಬರು ಇರುತ್ತದೆ, ಹೆಸರು ಇರುವುದಿಲ್ಲ.

ಇದರ ಆಕಾರ ಹಿಡಿಯುವುದು ವಿಜ್ಞಾನಿಗಳಿಗೂ ಸುಲಭವಲ್ಲ ಎನ್ನುತ್ತಾರೆ ಡಾ. ಅರುಣಾ. ಒಂದಕ್ಕೊಂದು ಅಂಟಿಕೊಂಡು ಗುಂಪಾಗುತ್ತದೆ, ಕೊಬ್ಬು ಹೊತ್ತಾಗ ಒಂದು ರೂಪ, ಇಳಿಸಿದಾಗ ಇನ್ನೊಂದು. ಕೊನೆಗೆ ಕಳೆದ ಜೂನಿನಲ್ಲಿ ಅವರು ಅದರ ಆಕಾರವನ್ನು ರಿಬ್ಬನ್ನಿನಂಥ ಸುರುಳಿಗಳಲ್ಲಿ ತೋರಿಸುವ ಬಣ್ಣದ ದೊಡ್ಡ ಚಿತ್ರವೊಂದನ್ನು ಮುದ್ರಿಸಿ, ಗಾದೆಮ್ಮ ದಿನಾ ಡಬ್ಬಿ ಇಳಿಸುವ ಮೇಜಿನ ಮೇಲ್ಗಡೆಯ ಗೋಡೆಗೆ ಹಾಕಿದರು. ಅದೇನೆಂದು ಗಾದೆಮ್ಮನಿಗೆ ಗೊತ್ತೇ ಇರುತ್ತದೆ ಎಂದುಕೊಂಡು ಏನೂ ಹೇಳಲಿಲ್ಲ.

ಗಾದೆಮ್ಮನಿಗೆ ಗೊತ್ತಿರಲಿಲ್ಲ. ಎಂಟು ತಿಂಗಳು ಅದರ ಕೆಳಗೇ ಡಬ್ಬಿ ಇಳಿಸಿದರು. ಹೋದ ಗುರುವಾರ ಅದರ ಮೇಲಿನ ಧೂಳು ಒರೆಸುತ್ತಾ, "ರಿಬ್ಬನ್ ಚಂದ ಬರದಾರ. ಯಾವ ಸಾಲಿ ಮಕ್ಕಳದ್ರೀ ಮೇಡಂ?" ಎಂದು ಕೇಳಿದರು.

"ಗಾದೆಮ್ಮ, ಇದೇ ಕಣ್ರೀ ಅದು" ಎಂದರಂತೆ ಡಾ. ಅರುಣಾ. ಗಾದೆಮ್ಮ ಧೂಳಿನ ಬಟ್ಟೆ ಕೈಯಲ್ಲಿ ಹಿಡಿದುಕೊಂಡೇ ಅಲ್ಲಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟರು. ಮರುದಿನ ಅದರ ಸಣ್ಣ ಪ್ರತಿ ಮಾಡಿಸಿ, ನೀರು ತಾಗದಂತೆ ಲ್ಯಾಮಿನೇಷನ್ ಹಾಕಿಸಿದರು. ಈಗ ಕಂಕುಳಲ್ಲಿ ಇರುವುದು ಅದೇ.

ಸಿರುಗುಪ್ಪದಲ್ಲಿ ಬಸ್ಸು ಬದಲಿಸಿ ರಾರಾವಿ ಮುಟ್ಟಿದಾಗ ಎಂಟು ದಾಟಿದೆ. ಹೊಸ್ತಿಲ ಹತ್ತಿರ ಗಾದೆಮ್ಮ ಒಂದು ಗಳಿಗೆ ನಿಲ್ಲುತ್ತಾರೆ. ಒಳಗಿಂದ ಕೂಗು ಬರುವುದಿಲ್ಲ.

ಬಾಗಿಲಿಗೆ ಬಂದವರು ಸೊಸೆ ಗುರುಬಸಮ್ಮ. "ಬಾ ಅಕ್ಕ. ದಸರಾ ತನಕಾ ದಿನಾ ಕೇಳತಿದ್ಲು, ಗಾದಿ ಬಂದ್ಲೇನು, ಗಾದಿ ಬಂದ್ಲೇನು ಅಂತ. ಆಮ್ಯಾಲ ನಿಂತ ಹೋತು."

ಪಡಸಾಲೆಯಲ್ಲಿ ಸಾವಂತ್ರಮ್ಮ ಹಳೆ ಸೀರೆಯ ತುಂಡೊಂದನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಾರೆ. ತಲೆ ಎತ್ತಿ, "ಬರ್ರಿ, ಕುಂದರ್ರಿ" ಎನ್ನುತ್ತಾರೆ.

ಗಾದೆಮ್ಮ ಎದುರಿಗೆ ಕೂತು ಪೇಪರು ಬಿಡಿಸುತ್ತಾರೆ. "ಯವ್ವಾ, ತಂದೀನಿ ನೋಡು. ನಿಮ್ಮವ್ವಗ ಹಂಗ ಮಾಡಿದ್ದು ಯಾವುದು ಅಂತ ಕೇಳಿದ್ಯಲ್ಲ, ಅದು ಇಂಥದಿರಬೇಕು ಅಂತಾರ."

ಮುದುಕಿ ಚಿತ್ರವನ್ನು ಬೆಳಕಿಗೆ ಹಿಡಿಯುತ್ತಾರೆ. ಸುರುಳಿಗಳ ಮೇಲೆ ಬೆರಳು ನಿಧಾನ ಹರಿಯುತ್ತದೆ. "ಇದು ಸಿಂಬಿ ಅಲ್ಲೇನು? ತಲಿಮ್ಯಾಲ ಇಟ್ಟು ಗಡಿಗಿ ಹೊರೂದು. ಇಲ್ಲೊಂದೀಟು ಬಿಚ್ಚೈತಿ ನೋಡ್ರಿ. ಹಿಂಗಿದ್ರ ಗಡಿಗಿ ನಿಂದ್ರಂಗಿಲ್ಲ."

"ಹೌದವ್ವಾ. ಹೊರೂದ ಅದರ ಕೆಲಸ."

"ನಾ ಮೊಸರು ಹೊರತಿದ್ನಿ."

"ಗೊತ್ತೈತಿ. ಯಾವ್ಯಾವ ಸ್ಟಾಪ್ ಬರತಿದ್ವು, ಹೇಳು?"

ಸಾವಂತ್ರಮ್ಮ ಬೆರಳು ಮಡಚಿ ಎಣಿಸಲು ನೋಡುತ್ತಾರೆ. "ಸೋಮಸಮುದ್ರ" ಎನ್ನುತ್ತಾರೆ. ಮತ್ತೆ, "ಸೋಮಸಮುದ್ರ." ಆಮೇಲೆ ಚಿತ್ರವನ್ನು ಮಡಿಲಲ್ಲಿಟ್ಟುಕೊಂಡು ಗಾದೆಮ್ಮನ ಮುಖವನ್ನೇ ನೋಡುತ್ತಾ, "ಪಾಪ, ದೂರಿಂದ ಬಂದೀರಿ. ಯಾರ ಮನಿಯವರು ನೀವು?" ಎಂದು ಕೇಳುತ್ತಾರೆ.

"ಕುರುಗೋಡಿನಾಕಿ ಅದೀನವ್ವಾ" ಎಂದು ಗಾದೆಮ್ಮ ರಬ್ಬರ್ ಪಟ್ಟಿ ತೆಗೆಯುತ್ತಾರೆ. ತೋಳು ಹಿಡಿದು, ಎಂದಿನಂತೆ ಮೊದಲು ಕೇಳುತ್ತಾರೆ: "ಚಾ ಆತೇನು?" ಇಲ್ಲ ಎಂದು ಸೊಸೆ ತಲೆಯಾಡಿಸುತ್ತಾರೆ. ರಕ್ತ ಕೊಳವೆಗೆ ಇಳಿಯುತ್ತದೆ. ನಂಬರು ಬರೆಯುತ್ತಾರೆ.

ವಾಪಸ್ ಬಸ್ಸಿನಲ್ಲಿ, ನಿಮಗೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಗಾದೆಮ್ಮ ಡಬ್ಬಿಯ ಮುಚ್ಚಳ ಸರಿಮಾಡುತ್ತಾರೆ. "ಒಮ್ಮಿ 'ಲೇ ಗಾದೀ' ಅಂದಿದ್ರ ಸಾಕಿತ್ತು ನೋಡ್ರಿ."

ಚಿತ್ರ ರಾರಾವಿಯಲ್ಲೇ ಉಳಿದಿದೆ. ಗುರ್ತು ಇರುವುದರೊಳಗೆ ತೋರಿಸುತ್ತೇನೆ ಎಂದು ಕೊಟ್ಟ ಮಾತು ನಡೆಯಲಿಲ್ಲ.