ಬಾಗಲಗುಂಟೆ ಬಸ್‌ಸ್ಟಾಪಿನ ಫ್ಲೆಕ್ಸು

‘ಯಾವತ್ತು ಫ್ಲೈಟು?’ ಎಂದು ಕೇಳಿದವರನ್ನು ನಾನು ಡೈರಿಯ ಕೊನೆಯ ಪುಟದಲ್ಲಿ ಗೀಟು ಹಾಕಿ ಎಣಿಸುತ್ತಿದ್ದೆ. ನಾಲ್ಕು ನೆಟ್ಟಗೆ, ಐದನೆಯದು ಅಡ್ಡ. ಮೊದಲ ವಾರವೇ ಹದಿನಾಲ್ಕು ಜನ ಕೇಳಿದ್ದರು. ಪ್ರತಿ ಗೀಟಿಗೂ ನಾನು ಒಂದಿಷ್ಟು ಎತ್ತರವಾದಂತೆ ಅನಿಸುತ್ತಿತ್ತು.

ಪೀಣ್ಯದ ಒಂದು ಟೂಲ್‌ರೂಮಿನಲ್ಲಿ ಗ್ರೈಂಡಿಂಗ್ ಮೆಷಿನ್ ನಡೆಸುತ್ತಿದ್ದೆ. ಹೊರದೇಶದ ಕಾರ್ಖಾನೆಯೊಂದರವರು ಏಜೆನ್ಸಿಯ ಮೂಲಕ ಬಂದು, ಎದುರಿಗೇ ಕೆಲಸ ಮಾಡಿಸಿ ನೋಡಿ ನನ್ನನ್ನು ಆರಿಸಿಕೊಂಡರು. ಆ ದೇಶದಲ್ಲಿ ಕೆಲಸಕ್ಕೆ ಜನ ಸಿಗದ ಕಸುಬುಗಳ ಪಟ್ಟಿಯೊಂದಿತ್ತು. ನಮ್ಮ ಕಸುಬು ಅದರಲ್ಲಿದ್ದುದರಿಂದ ವೀಸಾ ಕಷ್ಟವಲ್ಲ ಎಂದರು. ಅರ್ಜಿ ಹಾಕಿದ ವಾರವೇ ನಾನು ರಾಜೀನಾಮೆ ಬರೆದೆ. ನೋಟಿಸಿನ ತಿಂಗಳು ಮುಗಿಯುವಷ್ಟರಲ್ಲಿ ವೀಸಾ ಕೈಗೆ ಬರುತ್ತದೆ ಎಂಬುದು ನನ್ನ ಲೆಕ್ಕ. ಅವಸರ ಬೇಡ ಎಂದು ಫೋರ್‌ಮನ್ ಎರಡು ಸಲ ಹೇಳಿ ನೋಡಿದರು. ನಾನು ಕೇಳದಿದ್ದಾಗ, ಕೊನೆಯ ದಿನ ಶಾಲು ಹೊದಿಸಿ ತೆಂಗಿನಕಾಯಿ ಕೊಟ್ಟು ಪಕ್ಕಕ್ಕೆ ಕರೆದರು.

‘ಆಯುಧ ಪೂಜೆ ತನ್ಕ ನಿನ್ ಮೆಷಿನ್‌ಗೆ ಯಾರನ್ನೂ ಪರ್ಮನೆಂಟ್ ಮಾಡಲ್ಲ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ನಾಚ್ಕೋಬೇಡ ಕಣೋ, ಬಂದ್ಬಿಡು.’

ನಾನಿದ್ದದ್ದು ಬಾಗಲಗುಂಟೆಯ ಹಳೆಯ ಊರಿನವರೊಬ್ಬರ ಮನೆಯ ಮೇಲಿನ ಕೋಣೆಯಲ್ಲಿ. ಹೊಲವಿದ್ದಲ್ಲೆಲ್ಲ ಬಾಡಿಗೆ ಮನೆ ಕಟ್ಟಿಸಿದ್ದರೂ ಯಜಮಾನರು ಹಿತ್ತಿಲಿನಲ್ಲಿ ಎರಡು ಹಸು ಉಳಿಸಿಕೊಂಡಿದ್ದರು. ನಮ್ಮ ಬೀದಿಯಲ್ಲಿ ಹುಟ್ಟುಹಬ್ಬಕ್ಕೂ ಫ್ಲೆಕ್ಸು, ಸಂಘದ ಚುನಾವಣೆಗೂ ಫ್ಲೆಕ್ಸು. ತಮ್ಮ ಮನೆಯ ಹುಡುಗ ವಿಮಾನ ಹತ್ತುವಾಗ ಬಿಡುತ್ತಾರೆಯೇ? ಫ್ಲೆಕ್ಸ್ ಅಚ್ಚು ಹಾಕುವ ಅಂಗಡಿ ಅವರ ತಂಗಿಯ ಮಗನದೇ. ಫೋಟೊ ಕೇಳಿದಾಗ, ವೀಸಾಕ್ಕೆ ತೆಗೆಸಿದ್ದರಲ್ಲಿ ಮಿಕ್ಕಿದ್ದನ್ನು ಕೊಟ್ಟೆ. ನಗಬಾರದು, ಹಿಂದೆ ಬಿಳಿ ಬಣ್ಣವೇ ಇರಬೇಕು ಎಂಬ ಷರತ್ತಿನಂತೆ ತೆಗೆಸಿದ ಫೋಟೊ ಅದು. ಬಸ್‌ಸ್ಟಾಪಿನ ಕಂಬಕ್ಕೆ ಕಟ್ಟಿದ ಫ್ಲೆಕ್ಸಿನಲ್ಲಿ ಆ ಮುಖ ನಾಲ್ಕಡಿಯಾಗಿತ್ತು. ಎಡಗಿವಿಯಿಂದ ಒಂದು ವಿಮಾನ ಹೊರಟಿತ್ತು. ಕೆಳಗೆ, ‘ವಿದೇಶಕ್ಕೆ ತೆರಳುತ್ತಿರುವ ನಮ್ಮ ಇಂಜಿನಿಯರ್‌ಗೆ ಶುಭಾಶಯಗಳು’. ನಾನು ಇಂಜಿನಿಯರ್ ಅಲ್ಲ, ಡಿಪ್ಲೊಮಾ. ಅಚ್ಚಾಗುವ ಮೊದಲು ತೋರಿಸಿದ್ದರು, ಸುಮ್ಮನಿದ್ದೆ.

ಆಯುಧ ಪೂಜೆಗೆ ಹನ್ನೆರಡು ದಿನವಿದ್ದಾಗ ಏಜೆನ್ಸಿಯ ಇಮೇಲ್ ಬಂತು. ಆ ದೇಶದ ಸರ್ಕಾರ ಪಟ್ಟಿಯನ್ನು ಬದಲಿಸಿತ್ತು. ನಮ್ಮ ಕಸುಬು ಈಗ ಅದರಲ್ಲಿರಲಿಲ್ಲ. ಮೊದಲೇ ಹಾಕಿದ್ದು ತೀರ್ಮಾನವಾಗದೆ ಉಳಿದ ಅರ್ಜಿಗಳಿಗೂ ಹೊಸ ನಿಯಮವೇ ಎಂದಿತ್ತು. ಸೈಬರ್ ಕೆಫೆಯಲ್ಲಿ ಕೂತು, ನನ್ನದೇನು ತಪ್ಪು ಎಂದು ಆ ಇಮೇಲಿನಲ್ಲಿ ಹುಡುಕಿದೆ. ಒಂದೂ ಸಿಗಲಿಲ್ಲ. ಇಂಟರ್‌ವ್ಯೂನಲ್ಲಿ ಫೇಲಾಗಿದ್ದರೆ ಜನಕ್ಕೆ ಹೇಳಲು ಒಂದು ಮಾತಾದರೂ ಇರುತ್ತಿತ್ತು. ಯಾವುದೋ ಊರಿನ ಯಾವುದೋ ಕಚೇರಿಯಲ್ಲಿ ಒಂದು ಸಾಲು ಹೊಡೆದುಹಾಕಿದರು ಎಂದರೆ ನಮ್ಮ ಬೀದಿಯಲ್ಲಿ ಯಾರು ನಂಬುತ್ತಾರೆ?

ಮಾರನೆಯ ದಿನವೇ ಫೋರ್‌ಮನ್ ಹತ್ತಿರ ಹೋಗಬೇಕಿತ್ತು. ಹೊರಟೆ ಕೂಡ. ಬಸ್‌ಸ್ಟಾಪಿನಲ್ಲಿ ನನ್ನ ಮುಖದ ಕೆಳಗೆ ನಮ್ಮ ಕಾರ್ಖಾನೆಯವನೇ ಒಬ್ಬ ನಿಂತಿದ್ದ. ‘ಏನ್ ಗುರು, ಟೇಕಾಫ್ ಆಗ್ಲಿಲ್ವಾ ಇನ್ನೂ?’ ಎಂದ. ಟಿಕೆಟ್ ತಡ ಎಂದು ಹೇಳಿ, ಬಸ್ಸು ಹತ್ತದೆ ಹಿಂದಿರುಗಿದೆ. ಆಮೇಲೆ ದಿನವೂ ಬೆಳಿಗ್ಗೆ ಕೆಲಸವಿದ್ದವನಂತೆ ಹೊರಟು, ಹಿಂದಿನ ಬೀದಿಗಳಲ್ಲಿ ಸುತ್ತಿ, ಚಿಕ್ಕಬಾಣಾವರದ ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂರುತ್ತಿದ್ದೆ. ನಾಳೆ ಹೋಗೋಣ ಎಂದುಕೊಂಡೇ ಸಂಜೆಯಾಗುತ್ತಿತ್ತು. ಡೈರಿಯಲ್ಲಿ ಗೀಟು ಹಾಕುವುದನ್ನು ಮಾತ್ರ ಬಿಡಲಿಲ್ಲ. ಅಭ್ಯಾಸ.

ನಮ್ಮ ಬೀದಿಯ ಪದ್ಧತಿಯೆಂದರೆ, ಹೊರಡುವವನು ಹೊರಡುವ ತನಕ ಅವನ ಫ್ಲೆಕ್ಸ್ ಬಿಚ್ಚುವುದಿಲ್ಲ. ಗಾಳಿಗೆ ಒಂದು ಮೂಲೆ ಕಿತ್ತುಬಂದರೆ ಯಜಮಾನರು ತಾವೇ ಸ್ಟೂಲ್ ಒಯ್ದು ಮತ್ತೆ ಹಗ್ಗ ಬಿಗಿದು ಬರುತ್ತಿದ್ದರು. ಒಂದು ದಿನ ಒದ್ದೆ ಬಟ್ಟೆಯಲ್ಲಿ ನನ್ನ ಮುಖದ ಧೂಳನ್ನೂ ಒರೆಸುತ್ತಿದ್ದರು. ನಾನು ಆಚೆ ಬದಿಯ ಬೇಕರಿಯೊಳಗೆ ಸರಿದುಕೊಂಡೆ.

ಆಯುಧ ಪೂಜೆಯ ಸಂಜೆ ಯಜಮಾನರ ಹೆಂಡತಿ, ನಮ್ಮ ಓನರಮ್ಮ, ಪುರಿ, ಸಿಹಿಯ ಜೊತೆ ಒಂದು ಡಬ್ಬಿ ಹಿಡಿದು ಮೇಲೆ ಬಂದರು. ಚಟ್ನಿಪುಡಿ. ಅಲ್ಲಿ ಇಂಥದ್ದೆಲ್ಲ ಸಿಗುವುದಿಲ್ಲವಂತೆ ಎಂದು ನನಗೋಸ್ಕರವೇ ಕುಟ್ಟಿದ್ದರು. ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ, ವಿಮಾನದಲ್ಲಿ ಚೆಲ್ಲಬಾರದೆಂದು ದಾರ ಸುತ್ತಿದ್ದರು. ಅದನ್ನು ಇಸಿದುಕೊಳ್ಳಲು ಕೈ ಬರಲಿಲ್ಲ. ಹೇಳಿಬಿಟ್ಟೆ. ಅವರು ಮೆಟ್ಟಿಲ ಹತ್ತಿರ ಹೋಗಿ ಯಜಮಾನರನ್ನು ಕೂಗಿದರು. ಯಜಮಾನರು ಬಂದು, ಪೂರ್ತಿ ಕೇಳಿಸಿಕೊಂಡು, ಅದು ಯಾವತ್ತು ಗೊತ್ತಾಯಿತೆಂದು ವಿಚಾರಿಸಿದರು. ಹನ್ನೆರಡು ದಿನವಾಯಿತು ಎಂದೆ.

‘ಅನ್ನೆರಡು ದಿನದಿಂದ ನಾನು ಅಗ್ಗ ಬಿಗೀತಾನೇ ಇದ್ನಲ್ಲಪ್ಪಾ’ ಎಂದರು. ಅಷ್ಟೇ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹಬ್ಬ ಕಳೆದು ಕಾರ್ಖಾನೆ ತೆಗೆದ ದಿನ ಹೋದೆ. ನನ್ನ ಮೆಷಿನ್ನಿಗೆ ಕಟ್ಟಿದ್ದ ಚೆಂಡುಹೂವಿನ ಹಾರ ಬಾಡಿತ್ತು. ನಮ್ಮಲ್ಲಿ ಮೆಷಿನ್ ನಡೆಸುವವನೇ ಅದಕ್ಕೆ ಪೂಜೆ ಮಾಡುವುದು. ಈ ಸಲ ಕುಂಕುಮ ಇಟ್ಟಿದ್ದು ಬೇರೆಯವನ ಕೈ. ಅವನು ಪಕ್ಕದಲ್ಲೇ ನಿಂತು ಸವೆದ ಗ್ರೈಂಡಿಂಗ್ ವೀಲನ್ನು ಕೆರೆದು ಹದ ಮಾಡುತ್ತಿದ್ದ. ನನ್ನನ್ನು ಕಂಡು ಗೊಂದಲದಲ್ಲಿ ನಕ್ಕ.

ಫೋರ್‌ಮನ್ ಕನ್ನಡಕ ತೆಗೆದು ಒರೆಸಿಕೊಂಡರು. ಪಟ್ಟಿ ಬದಲಾದ ಸುದ್ದಿ ಅವರಿಗೆ ನನಗಿಂತ ಎರಡೇ ದಿನ ತಡವಾಗಿ ಗೊತ್ತಾಗಿತ್ತಂತೆ; ಅದೇ ಏಜೆನ್ಸಿಯಲ್ಲಿ ಅವರ ಪರಿಚಯದವನೊಬ್ಬನದೂ ಅರ್ಜಿ ಇತ್ತು.

‘ಪೂಜೆ ದಿನ ಮಧ್ಯಾಹ್ನದ ತನ್ಕ ಗೇಟ್ ನೋಡ್ಕೊಂಡೇ ಇದ್ದೆ ಕಣೋ. ಆಮೇಲೆ ಅವನಿಗೆ ಲೆಟರ್ ಕೊಟ್ಬಿಟ್ಟೆ. ಇನ್ನು ವಾಪಸ್ ಕೇಳಕ್ಕಾಗುತ್ತಾ?’

ಆಗುವುದಿಲ್ಲ ಎಂದು ತಲೆಯಾಡಿಸಿದೆ. ಅಳತೆ ನೋಡುವ ಮೇಜಿನಲ್ಲಿ ಕಾಂಟ್ರಾಕ್ಟ್ ಮೇಲೆ ಒಂದು ಜಾಗ ಕೊಟ್ಟರು. ಅವನು ಉಜ್ಜಿ ಕಳಿಸಿದ್ದನ್ನು ನಾನು ಅಳೆದು ಸಹಿ ಹಾಕಬೇಕು. ಅಲ್ಲಿ ಕೂತರೆ ಆ ಮೆಷಿನ್ ನೇರ ಕಣ್ಣಿಗೆ ಬೀಳುತ್ತದೆ. ವಿಮಾನ ತಪ್ಪಿಸಿದ್ದು ಆ ದೇಶದ ಸರ್ಕಾರ; ಇದನ್ನು ಕಳೆದುಕೊಂಡದ್ದು ನಾನು.

ಸಂಜೆ ಬಸ್ಸಿಳಿದಾಗ ಕಂಬ ಖಾಲಿಯಿತ್ತು. ಹಿತ್ತಿಲಿನಲ್ಲಿ ಯಜಮಾನರು ಸೋರುತ್ತಿದ್ದ ಕೊಟ್ಟಿಗೆಯ ಒಡೆದ ಶೀಟೊಂದನ್ನು ತೆಗೆದು, ಆ ಜಾಗಕ್ಕೆ ಫ್ಲೆಕ್ಸ್ ಹೊದಿಸಿ ಕಲ್ಲು ಹೇರುತ್ತಿದ್ದರು. ನನ್ನತ್ತ ನೋಡದೆಯೇ ಹೇಳಿದರು: ‘ಮಖ ಒಳಕ್ಕೆ ಮಾಡಿ ಆಕಿವ್ನಿ. ರೋಡ್ನೋರ್ಗೆ ಕಾಣಾಕಿಲ್ಲ.’

ಮರುದಿನ ಬೆಳಿಗ್ಗೆ ಹಾಲಿಗೆಂದು ಕೊಟ್ಟಿಗೆಗೆ ಹೋದೆ. ಓನರಮ್ಮ ಹಾಲು ಕರೆಯುತ್ತಿದ್ದರು. ನಾನು ಪಾತ್ರೆ ಹಿಡಿದು ಸಗಣಿ ನೆಲವನ್ನೇ ನೋಡುತ್ತ ನಿಂತೆ.

‘ತಲೆ ಎತ್ತಪ್ಪ, ಮ್ಯಾಲಿರಾದೂ ನೀನೇ ತಾನೆ’ ಎಂದರು.

ಆವತ್ತು ನನ್ನಿಂದ ಆಗಲಿಲ್ಲ.